ಬೆಂಚಿನ ತುದಿಯಲ್ಲಿ ಅಕ್ಕ

“ಅಲ್ಲಾಡಬೇಡ ಅಂದ್ನಲ್ಲ!”

“ನಾನೆಲ್ಲಿ ಅಲ್ಲಾಡ್ದೆ? ಮಂಚ ಅಲ್ಲಾಡ್ತು.”

“ಮಾತೂ ಆಡಬೇಡ.”

ಅಕ್ಕ ತಂಗಿಯ ಮಣಿಕಟ್ಟು ಹಿಡಿದು ಕೂತಿದ್ದಳು. ಇನ್ನೊಂದು ಅಂಗೈಯಲ್ಲಿ ಪುಟ್ಟ ಗಡಿಯಾರವಿತ್ತು, ನರ್ಸ್‌ಗಳು ಎದೆಯ ಮೇಲೆ ಪಿನ್ ಹಾಕಿ ತೂಗುಬಿಡುವಂಥದ್ದು. ನಾಡಿ ನೋಡುವುದು ಅರ್ಧ ನಿಮಿಷದ ಕೆಲಸ ಎಂದು ಅಕ್ಕನೇ ಹೇಳಿದ್ದಳು. ಆದರೆ ಎಷ್ಟೋ ಹೊತ್ತಾದರೂ ಅವಳು ಕೈ ಬಿಡಲಿಲ್ಲ. ಅವಳ ಕಣ್ಣು ಮಣಿಕಟ್ಟಿನ ಮೇಲೂ ಇರಲಿಲ್ಲ. ತುಟಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು.

ಇದರಲ್ಲೇನೋ ಇದೆ ಅಂದುಕೊಂಡಳು ತಂಗಿ.

“ನಂಗೇನಾದ್ರೂ ಕಾಯಿಲೆ ಇದೆಯಾ?”

“ಇದೆ. ಅನುಮಾನದ ಕಾಯಿಲೆ. ಅದಕ್ಕೆ ಮದ್ದಿಲ್ಲ,” ಎಂದು ಅಕ್ಕ ಕೈ ಬಿಟ್ಟು ಎದ್ದಳು.

ತಂಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಕೊಕ್ಕೆ’ ಎಂದು. ಯಾರು ಏನು ಹೇಳಿದರೂ ಅದಕ್ಕೊಂದು ಕೊಕ್ಕೆ ಹಾಕದಿದ್ದರೆ ಅವಳಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ. “ಹಾಲು ಕುಡಿದ್ರೆ ಎತ್ತರ ಆಗ್ತೀಯ,” ಎಂದು ಅಮ್ಮ ಹೇಳಿದರೆ, “ಬೆಕ್ಕೂ ಹಾಲು ಕುಡಿಯುತ್ತೆ, ಅದ್ಯಾಕೆ ಎತ್ತರ ಆಗಿಲ್ಲ?” ಎನ್ನುತ್ತಿದ್ದಳು.

ಅಕ್ಕ ನರ್ಸಿಂಗ್ ಪಾಸಾದ ದಿನ ಅಮ್ಮ ತಾನೇ ಮಿಷನ್ ಮುಂದೆ ಕೂತು ಬಿಳಿ ಯೂನಿಫಾರ್ಮ್ ಹೊಲಿದಿದ್ದಳು. ಬಟ್ಟೆ ಹೊಲಿಯುವುದೇ ಅಮ್ಮನ ಕೆಲಸ. ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದ್ದ ಆ ಯೂನಿಫಾರ್ಮ್ ಇನ್ನೂ ಅಲ್ಲೇ ಇತ್ತು. ಧೂಳು ಕೂರದಿರಲಿ ಎಂದು ಅಮ್ಮ ಅದಕ್ಕೊಂದು ಹಳೆಯ ಬೆಡ್‌ಶೀಟ್ ಹೊದಿಸಿದ್ದಳು.

ಅಕ್ಕ ಮೆಟ್ಟಿಲು ಹತ್ತಿ ಇಳಿಯದ ಆಸ್ಪತ್ರೆಯಿರಲಿಲ್ಲ. ಹೋದಲ್ಲೆಲ್ಲ ಒಂದೇ ಪ್ರಶ್ನೆ, “ಎಕ್ಸ್‌ಪೀರಿಯೆನ್ಸ್ ಇದೆಯಾ?”

“ಯಾರೂ ಕೆಲಸಾನೇ ಕೊಡದಿದ್ರೆ ಎಕ್ಸ್‌ಪೀರಿಯೆನ್ಸ್ ಎಲ್ಲಿಂದ ಬರುತ್ತೆ?” ಎಂದು ಕೊಕ್ಕೆ ಕೇಳಿದಾಗ, ಅವಳ ಮಾತನ್ನು ಮನೆಯವರೆಲ್ಲ ಮೊದಲ ಸಲ ಒಪ್ಪಿಕೊಂಡರು.

ಅಪ್ಪ ಬಸ್ ಕಂಡಕ್ಟರ್. ಅವನಿಗೆ ಎಲ್ಲದಕ್ಕೂ ಬಸ್ಸೇ ಉದಾಹರಣೆ. “ನನ್ನ ಬಸ್ಸಲ್ಲಿ ಹತ್ತಿದ ತಕ್ಷಣ ಯಾರಿಗಮ್ಮ ಸೀಟು ಸಿಗುತ್ತೆ? ಕಂಬಿ ಹಿಡ್ಕೊಂಡು ನಿಂತಿರ್ಬೇಕು. ಯಾರೋ ಒಬ್ರು ಇಳೀತಾರೆ,” ಎಂದ.

“ಕೊನೇ ಸ್ಟಾಪ್‌ವರೆಗೂ ಯಾರೂ ಇಳೀದಿದ್ರೆ?”

“ಮೊದಲು ನಿನ್ನ ಇಳಿಸ್ತೀನಿ,” ಎಂದ ಅಪ್ಪ. ಅಕ್ಕನೂ ಅವತ್ತು ನಕ್ಕಿದ್ದಳು.

ಆದರೆ ಈಚೆಗೆ ಅಕ್ಕನ ರೀತಿಯೇ ಬೇರೆಯಾಗಿತ್ತು. ದಿನಾ ಬೆಳಿಗ್ಗೆ “ಇಂಟರ್‌ವ್ಯೂ ಇದೆ” ಎಂದು ಹೊರಡುತ್ತಿದ್ದಳು. ದಿನಾ ಎಲ್ಲಿಯ ಇಂಟರ್‌ವ್ಯೂ? ಅದೂ ಸರ್ಟಿಫಿಕೇಟಿನ ಫೈಲನ್ನು ಕಪಾಟಿನಲ್ಲೇ ಬಿಟ್ಟು, ನೀರಿನ ಬಾಟಲಿ ಮಾತ್ರ ತೆಗೆದುಕೊಂಡು ಹೋಗುತ್ತಿದ್ದಳು. ಸಂಜೆ ಬಂದರೆ ಸೊಂಟ ಹಿಡಿದುಕೊಂಡು ಚಾಪೆಯ ಮೇಲೆ ಉರುಳುತ್ತಿದ್ದಳು. ಇಂಟರ್‌ವ್ಯೂಗೆ ಹೋದರೆ ಸೊಂಟ ನೋಯುತ್ತದೆಯೇ? ಒಮ್ಮೆ ಮೆಟ್ಟಿಲ ಮೇಲೆ ಕೂತು ತನ್ನ ನಾಡಿಯನ್ನು ತಾನೇ ಹಿಡಿದು ನೋಡುತ್ತಿದ್ದುದನ್ನೂ ಕೊಕ್ಕೆ ಕಂಡಿದ್ದಳು.

ಸಾಲದ್ದಕ್ಕೆ ಅಮ್ಮನ ಮೇಲೂ ಅವಳಿಗೆ ಅನುಮಾನ. ಎರಡು ದಿನದಿಂದ ಅಮ್ಮ ಚಿಂದಿ ಬಟ್ಟೆ ಸೇರಿಸಿ ಏನೋ ಹೊಲಿಯುತ್ತಿದ್ದಳು. ಅಕ್ಕ ಒಳಗೆ ಬಂದ ಕೂಡಲೇ ಅದನ್ನು ಮಿಷನ್ ಕೆಳಗೆ ತಳ್ಳಿಬಿಡುತ್ತಿದ್ದಳು.

“ಅದೇನಮ್ಮ?”

“ಏನೂ ಇಲ್ಲ. ಹೋಂವರ್ಕ್ ಮಾಡು.”

ಈ ಮನೆಯಲ್ಲಿ ಎಲ್ಲರೂ ಏನೋ ಬಚ್ಚಿಡುತ್ತಿದ್ದಾರೆ ಎಂದು ಕೊಕ್ಕೆಗೆ ಖಾತ್ರಿಯಾಯಿತು.

ಮರುದಿನ ಶಾಲೆಯಲ್ಲಿ ಕ್ಲಾಸ್ ಲೀಡರ್ ಅವಳ ಪಕ್ಕಕ್ಕೆ ಸರಿದು ಕೂತಳು. “ನಿಮ್ಮಕ್ಕಂಗೆ ಹುಷಾರಿಲ್ವಾ?”

“ಯಾಕೆ? ಚೆನ್ನಾಗೇ ಇದ್ದಾಳೆ.”

“ಮತ್ತೆ ದೊಡ್ಡಾಸ್ಪತ್ರೇಲಿ ಪೇಷೆಂಟ್‌ಗಳ ಜೊತೆ ಬೆಂಚ್ ಮೇಲೆ ಕೂತಿದ್ರಂತೆ? ಮಂಡಿ ನೋವು ಅಂತ ನಮ್ಮಜ್ಜಿ ಹೋದಾಗ್ಲೆಲ್ಲ ನೋಡಿದ್ದಾರೆ. ದಿನಾ ಅದೇ ಬೆಂಚಂತೆ.”

ಈ ಒಂದು ಮಾತಿಗೆ ಅವಳಿಂದ ಕೊಕ್ಕೆ ಹಾಕಲು ಆಗಲೇ ಇಲ್ಲ. ಸೊಂಟ ನೋವು, ತನ್ನ ನಾಡಿ ತಾನೇ ನೋಡಿಕೊಳ್ಳುವುದು, ಬಚ್ಚಿಡುವುದು, ಎಲ್ಲ ಒಂದಕ್ಕೊಂದು ತಾಳೆಯಾಯಿತು. ಅಕ್ಕನಿಗೆ ಏನೋ ದೊಡ್ಡ ಕಾಯಿಲೆ! ನಾವೆಲ್ಲ ಹೆದರುತ್ತೇವೆಂದು ಹೇಳುತ್ತಿಲ್ಲ. ಮಧ್ಯಾಹ್ನ ಊಟದ ಡಬ್ಬಿಯನ್ನು ಅವಳು ಬಿಚ್ಚಲೇ ಇಲ್ಲ.

ಅವತ್ತು ಟೀಚರ್‌ಗಳಿಗೆ ಮೀಟಿಂಗ್ ಇದ್ದುದರಿಂದ ಶಾಲೆ ಬೇಗ ಬಿಟ್ಟಿತು. ಆಸ್ಪತ್ರೆ ಇದ್ದದ್ದು ಶಾಲೆಗೂ ಮನೆಗೂ ನಡುವಿನ ರಸ್ತೆಯಲ್ಲೇ. ಕೊಕ್ಕೆ ಬ್ಯಾಗನ್ನು ಎದೆಗವಚಿಕೊಂಡು ಒಳಗೆ ನುಗ್ಗಿದಳು.

ಉದ್ದದ ವರಾಂಡ. ಫಿನಾಯಿಲ್ ವಾಸನೆ. ಚೀಟಿ ಕೊಡುವ ಕೌಂಟರ್ ಮುಂದೆ ಗದ್ದಲವೋ ಗದ್ದಲ. ಗೋಡೆಯುದ್ದಕ್ಕೂ ಕಬ್ಬಿಣದ ಬೆಂಚುಗಳು, ಅವುಗಳ ತುಂಬ ಕೆಮ್ಮುವವರು, ತೂಕಡಿಸುವವರು, ಮಗುವನ್ನು ತಟ್ಟುವವರು. ಕೊನೆಯ ಬೆಂಚಿನ ತುದಿಯಲ್ಲಿ ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಅಕ್ಕ ಕೂತಿದ್ದಳು.

ಕೊಕ್ಕೆ ಕುಡಿಯುವ ನೀರಿನ ಟ್ಯಾಂಕಿನ ಹಿಂದೆ ಅವಿತು ಇಣುಕಿದಳು.

ಅಕ್ಕ ರೋಗಿಯ ಹಾಗೆ ಕಾಣಲಿಲ್ಲ. ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಎದೆಯನ್ನು. ಆಮೇಲೆ ಅಂಗೈಯಲ್ಲಿದ್ದ ಗಡಿಯಾರವನ್ನು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಥೇಟ್ ನಿನ್ನೆ ಮಂಚದ ಮೇಲೆ ಅಲ್ಲಾಡಿದ ಹಾಗೆ.

ಒಬ್ಬ ಅಜ್ಜ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಅವರನ್ನು ನೋಡುತ್ತ ಅಕ್ಕನ ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಗಡಿಯಾರ ನೋಡಿದಳು. ಎದ್ದು ನೇರ ಕೌಂಟರಿಗೆ ಹೋಗಿ ಅಲ್ಲಿದ್ದ ನರ್ಸ್ ಕಿವಿಯಲ್ಲಿ ಏನೋ ಹೇಳಿದಳು.

“ಚೀಟಿ ಪ್ರಕಾರ ಬರ್ಲಿ ಬಿಡಮ್ಮ,” ಎಂದರು ಆ ನರ್ಸ್.

“ಒಂದ್ಸಲ ಬಂದು ನೋಡಿ ಸಿಸ್ಟರ್. ಉಸಿರು ತುಂಬಾ ಜೋರಾಗಿದೆ. ನಿದ್ದೆ ಅಲ್ಲ ಅದು.”

ನರ್ಸ್ ಗೊಣಗುತ್ತಲೇ ಬಂದರು. ಅಜ್ಜನ ಕೈ ಹಿಡಿದರು. ಆಮೇಲೆ ಗೊಣಗಲಿಲ್ಲ. “ವೀಲ್‌ಚೇರ್!” ಎಂದು ಕೂಗಿದರು. ಅಜ್ಜನನ್ನು ಒಳಗೆ ಕರೆದೊಯ್ದ ಮೇಲೆ ವರಾಂಡದಲ್ಲಿ ಮತ್ತೆ ಎಂದಿನ ಗದ್ದಲ. ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ಅವಳು ತನ್ನ ತುದಿಗೆ ಮರಳಿ ಕೂತು ಬಾಟಲಿಯಿಂದ ಒಂದು ಗುಟುಕು ನೀರು ಕುಡಿದಳು.

ಬಾಗಿಲು ತಳ್ಳಿಕೊಂಡು ಕನ್ನಡಕದ ದೊಡ್ಡ ಸಿಸ್ಟರ್ ಹೊರಗೆ ಬಂದರು. ನರ್ಸ್‌ಗಳೆಲ್ಲ ನೆಟ್ಟಗೆ ನಿಂತದ್ದು ನೋಡಿದರೆ ಅವರೇ ಎಲ್ಲರಿಗೂ ಮೇಲಿನವರಿರಬೇಕು.

“ಇವತ್ತೂ ಬಂದಿದ್ದೀಯಾ? ಕೆಲಸ ಖಾಲಿ ಇಲ್ಲ ಅಂತ ಹೇಳಿದ್ನಲ್ಲಮ್ಮ.”

“ಗೊತ್ತು ಮೇಡಂ. ಖಾಲಿ ಆದ ದಿನ ನಾನು ಇಲ್ಲೇ ಇರ್ಬೇಕಲ್ಲ, ಅದಕ್ಕೆ.”

ದೊಡ್ಡ ಸಿಸ್ಟರ್ ಅಜ್ಜ ಕೂತಿದ್ದ ಜಾಗದ ಕಡೆ ಕೈ ತೋರಿಸಿದರು. “ಆ ಅಜ್ಜನ್ನ ನೋಡಿದ್ದು ನೀನೇನಾ?”

“ಹೂಂ.”

“ನಾಳೆಯಿಂದ ಈ ಮೂಲೇಲಿ ಕೂರಬೇಡ. ಎದುರುಗಡೆ ಬೆಂಚಲ್ಲಿ ಕೂತ್ಕೋ. ಅಲ್ಲಿಂದ ಎಲ್ರೂ ಕಾಣ್ತಾರೆ.” ಅಷ್ಟು ಹೇಳಿ ಅವರು ಹೊರಟೇಹೋದರು.

ಕೊಕ್ಕೆಗೆ ಇನ್ನು ತಡೆಯಲಾಗಲಿಲ್ಲ. ಟ್ಯಾಂಕಿನ ಹಿಂದಿನಿಂದ ಹಾರಿ ಬಂದು, “ಅಕ್ಕಾ! ನಿಂಗೇನೂ ಕಾಯಿಲೆ ಇಲ್ವಾ?” ಎಂದು ಕಿರುಚಿದಳು.

ವರಾಂಡಕ್ಕೆ ವರಾಂಡವೇ ತಿರುಗಿ ನೋಡಿತು. ತೂಕಡಿಸುತ್ತಿದ್ದವರೂ ಎಚ್ಚರಗೊಂಡರು. ಅಕ್ಕ ಅವಳ ಕೈ ಹಿಡಿದು ದರದರ ಹೊರಗಿನ ಮೆಟ್ಟಿಲಿಗೆ ಎಳೆದುಕೊಂಡು ಹೋದಳು.

“ನನ್ನ ಹಿಂಬಾಲಿಸ್ಕೊಂಡು ಬಂದ್ಯಾ?”

“ನೀನು ಸತ್ತೋಗ್ತೀಯ ಅಂತ ಬಂದೆ!” ಎಂದವಳೇ ಕೊಕ್ಕೆ ಗೊಳೋ ಎಂದು ಅತ್ತುಬಿಟ್ಟಳು.

ಬೈಯಲು ಹೊರಟಿದ್ದ ಅಕ್ಕ ತಂಗಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ತನ್ನ ದುಪಟ್ಟಾದಿಂದಲೇ ಮೂಗು ಒರೆಸಿದಳು.

“ಕಾಯಿಲೆ ಗೀಯಿಲೆ ಏನೂ ಇಲ್ಲ ಕಣೇ. ಮನೇಲೇ ಕೂತ್ರೆ ಕಲಿತಿದ್ದೆಲ್ಲ ಮರೆತು ಹೋಗುತ್ತೇನೋ ಅಂತ ಭಯ ಆಗುತ್ತೆ. ಇಲ್ಲಿ ಕೂತ್ರೆ ಕಣ್ಣಿಗಾದ್ರೂ ಕೆಲಸ ಸಿಗುತ್ತೆ. ಎಲ್ರ ಉಸಿರು ಎಣಿಸ್ತೀನಿ.”

“ಉಸಿರಾ? ನಿನ್ನೆ ನನ್ನ ನಾಡಿ ನೋಡ್ತಿದ್ದೀನಿ ಅಂದೆ?”

“ನಾಡಿ ಆವಾಗ್ಲೇ ಆಗಿತ್ತು. ಆಮೇಲೆ ಎಣಿಸಿದ್ದು ಉಸಿರು. ಎಣಿಸ್ತಿದ್ದಾರೆ ಅಂತ ಗೊತ್ತಾದ್ರೆ ಯಾರೂ ಸರಿಯಾಗಿ ಉಸಿರಾಡಲ್ಲ. ಅದಕ್ಕೆ ನಾಡಿ ನೋಡೋ ಥರ ಸುಮ್ನೆ ಕೈ ಹಿಡ್ಕೊಂಡಿರೋದು, ಕಣ್ಣು ಮಾತ್ರ ಎದೆ ಮೇಲೆ.”

“ಮೋಸ!”

“ಹೂಂ, ಕಾಲೇಜಲ್ಲಿ ಹೇಳಿಕೊಟ್ಟ ಮೋಸ.”

ಕೊಕ್ಕೆ ತನ್ನ ಉಸಿರನ್ನು ತಾನೇ ಎಣಿಸಲು ನೋಡಿದಳು. ತಕ್ಷಣ ಉಸಿರು ಎಡವಟ್ಟಾಯಿತು. ಒಳಗೆ ಎಳೆಯಬೇಕೋ ಹೊರಗೆ ಬಿಡಬೇಕೋ ತಿಳಿಯದೆ ಕೆಮ್ಮಿದಳು. ಅಕ್ಕ ಹೇಳಿದ್ದು ನಿಜ.

“ಅಮ್ಮಂಗೆ ಯಾಕೆ ಸುಳ್ಳು ಹೇಳ್ತೀಯ?”

ಅಕ್ಕ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು. “ಇಂಟರ್‌ವ್ಯೂ ಅಂದ್ರೆ ಅಮ್ಮ ಸಂಜೆವರೆಗೂ ಖುಷಿಯಾಗಿರ್ತಾಳೆ. ಸುಮ್ನೆ ಬೆಂಚ್ ಮೇಲೆ ಕೂತಿರ್ತೀನಿ ಅಂದ್ರೆ ಅಷ್ಟೂ ಇರಲ್ಲ. ನೀನು ಬಾಯಿ ಬಿಡಬೇಡ.”

ಮನೆಗೆ ಬಂದಾಗ ಅಮ್ಮ ಮಿಷನ್ ತುಳಿಯುತ್ತಿದ್ದಳು. “ಇವತ್ತೇನಂದ್ರು?” ಎಂದು ತಲೆಯೆತ್ತದೆ ಕೇಳಿದಳು.

“ನಾಳೆ ಬರೋಕೆ ಹೇಳಿದ್ದಾರೆ,” ಎಂದಳು ಅಕ್ಕ. ಅದು ಪೂರ್ತಿ ಸುಳ್ಳೂ ಅಲ್ಲ.

“ಒಳ್ಳೇದಾಯ್ತು.” ಅಮ್ಮ ಮಿಷನ್ ಕೆಳಗೆ ಕೈ ಹಾಕಿ ಏನನ್ನೋ ಹೊರಗೆಳೆದಳು. ಬಣ್ಣಬಣ್ಣದ ಚಿಂದಿ ಜೋಡಿಸಿ, ಒಳಗೆ ಹತ್ತಿ ತುಂಬಿ ಹೊಲಿದ ತೆಳುವಾದ ಚೌಕದ ದಿಂಬು. “ನಾಳೆ ಇದನ್ನ ತಗೊಂಡು ಹೋಗು. ಬಸ್ಸಿನ ಸೀಟು ಗಟ್ಟಿ ಇರುತ್ತೆ.”

ಬಸ್ಸೇ? ಆಸ್ಪತ್ರೆಗೆ ಅಕ್ಕ ನಡೆದೇ ಹೋಗುತ್ತಾಳಲ್ಲ! ಕೊಕ್ಕೆಯ ನಾಲಗೆ ತುದಿಗೆ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವಳ ಕಣ್ಣು ಹೊಲಿದಿಟ್ಟ ಬಟ್ಟೆಗಳ ಮೇಲೆ ಬಿತ್ತು. ಎಲ್ಲಕ್ಕಿಂತ ಮೇಲಿದ್ದದ್ದು ಕ್ಲಾಸ್ ಲೀಡರ್ ಅಜ್ಜಿ ಯಾವಾಗಲೂ ಹಾಕಿಕೊಳ್ಳುವ ಹೂವಿನ ಗೌನು. ಮಂಡಿ ನೋವಿನ ಅಜ್ಜಿ ಇಲ್ಲಿಗೆ ಬಂದಿದ್ದರು. ಬಂದ ಮೇಲೆ ಬೆಂಚಿನ ಸುದ್ದಿ ಹೇಳದೆ ಹೋಗುವವರಲ್ಲ ಅವರು.

ಅಮ್ಮನಿಗೆ ಗೊತ್ತು. ಗೊತ್ತಿದ್ದೂ ದಿನಾ “ಇವತ್ತೇನಂದ್ರು?” ಎಂದು ಕೇಳುತ್ತಾಳೆ.

ಅಕ್ಕ ದಿಂಬನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಅಮ್ಮನ ಕೈ ದಾರ ಪೋಣಿಸುತ್ತಿತ್ತು. ಆದರೆ ಕಣ್ಣು ಸೂಜಿಯ ಮೇಲಿರಲಿಲ್ಲ. ಅದು ಮೆಲ್ಲಗೆ ಅಕ್ಕನ ಮುಖಕ್ಕೆ ಹೋಗಿ, ಅವಳಿಗೆ ತಿಳಿಯುವ ಮೊದಲೇ ಸೂಜಿಗೆ ವಾಪಸಾಯಿತು. ಅಮ್ಮ ಯಾವ ಕಾಲೇಜಿಗೂ ಹೋದವಳಲ್ಲ. ಅವಳಿಗೆ ಈ ಮೋಸವನ್ನು ಯಾರು ಹೇಳಿಕೊಟ್ಟರು?

ಕೊಕ್ಕೆ ನಾಲಗೆ ತುದಿಯ ಮಾತನ್ನು ನುಂಗಿಕೊಂಡಳು. ಗಂಟಲಲ್ಲಿ ಅದು ಸ್ವಲ್ಪ ಚುಚ್ಚಿತು.

“ಅಕ್ಕ, ಬಾ. ನಾಡಿ ನೋಡೋದು ಪ್ರಾಕ್ಟೀಸ್ ಮಾಡು,” ಎಂದು ತಾನಾಗಿಯೇ ಮಂಚ ಹತ್ತಿ ಕೈ ಚಾಚಿದಳು.

ಅಕ್ಕ ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದಳು. ಅರ್ಧ ನಿಮಿಷ ಕಳೆಯಿತು. ಅಕ್ಕ ಕೈ ಬಿಡಲಿಲ್ಲ. ಕೊಕ್ಕೆ ಯಾಕೆಂದು ಕೇಳಲಿಲ್ಲ. ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ, ಏನೂ ಗೊತ್ತಿಲ್ಲದವಳ ಹಾಗೆ, ಆರಾಮಾಗಿ ಉಸಿರಾಡುತ್ತ ಮಲಗಿದಳು.