ಇಪ್ಪತ್ತೆರಡು ಮೀಟರ್ ದಾರ

ತರಗತಿಗೆ ಸೇರುವ ಫಾರ್ಮಿನಲ್ಲಿ ನನ್ನ ತೂಕವನ್ನು ಆರು ಕೆ.ಜಿ. ಕಡಿಮೆ ಬರೆದುಬಿಟ್ಟೆ.

ಬೇಕೆಂದೇ ಅಲ್ಲ. ಐದು ಬರೆದಾಗಿತ್ತು, ಪಕ್ಕದಲ್ಲಿ ಎಂಟು ಬರೆಯಬೇಕಿತ್ತು. ಅಷ್ಟರಲ್ಲಿ ಮೇಜಿನ ಆ ಕಡೆ, ನಮಗೆ ಪಾಠ ಹೇಳಬೇಕಿದ್ದ ಅವರು ಬಂದು ನಿಂತರು. ಒದ್ದೆ ಕೂದಲು, ಬಿಸಿಲಿಗೆ ಕಂದಿದ ಮೂಗು, ಕಿವಿಯ ಹಿಂದೆ ಅಂಟಿದ ಮರಳು. ಪೆನ್ನು ತಾನಾಗಿಯೇ ಎರಡು ಬರೆಯಿತು. ಐವತ್ತೆರಡು. ಯಾರಿಗೂ ನಷ್ಟವಿಲ್ಲದ ಸುಳ್ಳು, ಸಂಜೆ ಡೈರಿಯಲ್ಲಿ ನಿಜ ಬರೆದು ಲೆಕ್ಕ ಸರಿಮಾಡಿಕೊಂಡರಾಯಿತು ಅಂದುಕೊಂಡೆ. ನನ್ನ ನಿಜಗಳೆಲ್ಲ ಹಾಗೇ, ಡೈರಿಯ ಒಳಗೇ ಇರುತ್ತಿದ್ದವು.

ಅವರು ಫಾರ್ಮನ್ನು ಓದಿ, ಗೋಡೆಗೆ ನೇತುಹಾಕಿದ್ದ ಚೀಲಗಳ ಮುಂದೆ ಓಡಾಡಿ, ಒಂಬತ್ತು ಎಂದು ಬರೆದಿದ್ದ ಚೀಲವನ್ನು ಮುಟ್ಟಿ ಬಿಟ್ಟರು. ಪಕ್ಕದ ಏಳನ್ನು ಇಳಿಸಿದರು.

"ಇದು ನಿಮಗೆ, ಏಳು ಚದರ ಮೀಟರ್ ಪಟ. ಗಾಳಿ ಎಷ್ಟಿದೆ, ಆಡೋರ ತೂಕ ಎಷ್ಟಿದೆ, ಎರಡನ್ನೂ ನೋಡೇ ಪಟ ಆರಿಸೋದು. ತೂಕ ತಪ್ಪಾದ್ರೆ ಎಲ್ಲಾ ತಪ್ಪು."

"ಸರಿ," ಅಂದೆ.

ಇಲ್ಲಿಗೆ ನನ್ನನ್ನು ತಳ್ಳಿದ್ದು ಅಕ್ಕ. ಡಿಗ್ರಿ ಮುಗಿದು ಎಂಟು ತಿಂಗಳಾಗಿತ್ತು. "ಹೀಗೇ ಮೂಲೇಲಿ ಕೂತು ಬರೀತಾ ಇದ್ರೆ ನಿನಗೆ ಪಾಚಿ ಕಟ್ಟುತ್ತೆ ಕಣೇ," ಅಂತ ಹೇಳಿ ಹತ್ತು ದಿನದ ಕೈಟ್‌ಬೋರ್ಡಿಂಗ್ ತರಗತಿಗೆ ತಾನೇ ಹೆಸರು ಕೊಟ್ಟಿದ್ದಳು. ದೊಡ್ಡ ಗಾಳಿಪಟವೊಂದು ಎಳೆಯುತ್ತದೆ, ಕಾಲಿಗೆ ಹಲಗೆ ಸಿಕ್ಕಿಸಿಕೊಂಡು ನೀರಿನ ಮೇಲೆ ಜಾರಬೇಕು. ಅಷ್ಟೇ ನನಗೆ ಗೊತ್ತಿದ್ದದ್ದು.

ಹಿನ್ನೀರಿನ ದಡದಲ್ಲಿ ತಗಡಿನ ಶೆಡ್ಡು. ಒಂದು ಗೋಡೆಗೆ ಹಲಗೆಗಳು, ಇನ್ನೊಂದಕ್ಕೆ ಹೆಲ್ಮೆಟ್ಟುಗಳು, ಬಾಗಿಲ ಪಕ್ಕದಲ್ಲಿ ಹೊಲಿಗೆ ಯಂತ್ರ. ಹರಿದ ಪಟಗಳನ್ನು ತೊಡೆಯ ಮೇಲೆ ಹರಡಿಕೊಂಡು ಅಲ್ಲಿ ಕೂರುತ್ತಿದ್ದವರು ಅವರ ಸೋದರತ್ತೆ. ಪಾಠ ಹೇಳುವ ಅವರನ್ನು ಊರಿನವರೆಲ್ಲ ಗಾಳಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅತ್ತೆ ಮಾತ್ರ "ಲೋ" ಅನ್ನುತ್ತಿದ್ದರು.

ಮೊದಲ ಮೂರು ದಿನ ನೀರಿಗೆ ಕಾಲೇ ಇಡಲಿಲ್ಲ. ಹೊಸಬರಿಗೆ ಗಾಳಿಯೇ ಮೊದಲ ಪಾಠವಂತೆ. ಒಂದು ಹಿಡಿ ಮರಳನ್ನು ಮೇಲಿಂದ ಬಿಟ್ಟು, ಅದು ಯಾವ ಕಡೆ ಹಾರುತ್ತದೆ ನೋಡಿ ಅಂದರು.

"ದಡದಿಂದ ನೀರಿನ ಕಡೆಗೆ ಬೀಸ್ತಿದ್ರೆ?"

"ಹಾರಿಸಬಾರದು," ಅಂದೆ ಮೆಲ್ಲಗೆ.

"ಯಾಕೆ?"

"ವಾಪಸ್ ಬರೋಕಾಗಲ್ಲ."

"ಜೋರಾಗಿ."

"ವಾಪಸ್ ಬರೋಕಾಗಲ್ಲ!"

"ಇದು ಜೋರಾ?" ಅಂತ ಶೆಡ್ಡಿನಿಂದ ಅತ್ತೆ ನಕ್ಕರು. "ನನ್ನ ಸೂಜಿ ಇದಕ್ಕಿಂತ ಜೋರಾಗಿ ಮಾತಾಡುತ್ತೆ."

ಸೊಂಟಕ್ಕೆ ಕಟ್ಟುವ ಹಾರ್ನೆಸ್ಸು ಬಿಗಿಯಾಗಿರಬೇಕು, ಆದರೆ ಪಕ್ಕೆಲುಬಿಗೆ ಏರಬಾರದು. ಹೆಲ್ಮೆಟ್ಟು ತಲೆ ಅಲ್ಲಾಡಿಸಿದರೆ ಅಲ್ಲಾಡಬಾರದು. ಎದೆಗೆ ತೇಲುವ ಜಾಕೆಟ್ಟು. ಹಳೆಯದಾದರೂ ಪರವಾಗಿಲ್ಲ, ಆದರೆ ಪಟವನ್ನು ಹಾರ್ನೆಸ್ಸಿಗೆ ಸೇರಿಸುವ, ಕೆಂಪು ಹಿಡಿಯಿರುವ ಬಿಡುಗಡೆ ಕೊಕ್ಕೆ ಹೊಸದರ ಹಾಗೆ ಕೆಲಸ ಮಾಡಬೇಕು. ಅದನ್ನು ತಳ್ಳಿದ ಕೂಡಲೇ ಪಟದ ಶಕ್ತಿಯೆಲ್ಲ ಸತ್ತು ಬೀಳಬೇಕು. ಕಣ್ಣು ಮುಚ್ಚಿಕೊಂಡು ನೂರು ಸಲ ತಳ್ಳಿಸಿದರು. ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಸರಿಮಾಡುವಾಗ ಆಕಾಶ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ನಾನೂ ನೋಡಿದೆ.

"ಬೇರೆಯವರು ಪಟ್ಟಿ ಅವರೇ ಹಾಕ್ಕೋತಾರೆ," ಅತ್ತೆ ದಾರ ಕಚ್ಚುತ್ತಾ ಅಂದರು. "ಈಗ ರೂಲ್ಸ್ ಬದಲಾಯ್ತೇನೋ."

"ಅತ್ತೆ, ಹೊಲಿಗೆ ನೋಡ್ಕೋ."

"ನೋಡ್ತಾ ಇದ್ದೀನಪ್ಪ, ಎಲ್ಲಾ ನೋಡ್ತಾ ಇದ್ದೀನಿ."

ಅವರ ಕಿವಿ ಕೆಂಪಾಯಿತು. ಬಿಸಿಲಿಗೇ ಇರಬೇಕು ಎಂದು ಡೈರಿಯಲ್ಲಿ ಬರೆದೆ. ಬರೆದು ಹೊಡೆದುಹಾಕಿದೆ.

ಮಧ್ಯಾಹ್ನ ಅವರೊಬ್ಬರೇ ನೀರಿಗಿಳಿಯುತ್ತಿದ್ದರು. ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿದ್ದ ಟೀ ತಣ್ಣಗಾಗಿ ಹೋಯಿತು. ಒಬ್ಬ ಮನುಷ್ಯ ಅಷ್ಟು ಹಗುರಾಗುವುದುಂಟೆ? ಹಲಗೆಯ ಅಂಚಿನಲ್ಲಿ ನೀರು ಬೆಳ್ಳಗೆ ಸೀಳಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ ನೀರನ್ನು ಬಿಟ್ಟು ಮೇಲೆದ್ದು, ಮೇಲೇ ಉಳಿದು, ಏನೋ ನೆನಪಾದವರ ಹಾಗೆ ನಿಧಾನವಾಗಿ ಕೆಳಗಿಳಿದರು. ಕಣ್ಣಿಗೆ ಕಾಣದ ಗಾಳಿಯ ಜೊತೆ ಅವರಿಗೆ ಹಳೇ ಸಲಿಗೆ ಇತ್ತು.

ನಾಲ್ಕನೇ ದಿನ ನನ್ನ ಏಳರ ಪಟಕ್ಕೆ ಗಾಳಿ ತುಂಬಿದೆವು.

ಪಟಕ್ಕೂ ಹಾರಿಸುವವರಿಗೂ ನಡುವೆ ಇಪ್ಪತ್ತೆರಡು ಮೀಟರ್ ದಾರ. ಆ ತುದಿಯಲ್ಲಿ ಅವರು ಪಟ ಹಿಡಿದು ನಿಲ್ಲುತ್ತಾರೆ, ಈ ತುದಿಯಲ್ಲಿ ನಾನು, ಪಟ ತಿರುಗಿಸುವ ಅಡ್ಡಕೋಲು, ಅಂದರೆ ಬಾರ್ ಹಿಡಿದು. ಅಷ್ಟು ದೂರಕ್ಕೆ ಮಾತು ಮುಟ್ಟುವುದಿಲ್ಲ, ಅರ್ಧದಲ್ಲೇ ಗಾಳಿ ನುಂಗಿಬಿಡುತ್ತದೆ. ಅದಕ್ಕೇ ಸನ್ನೆ. ಎಲ್ಲವನ್ನೂ ನೋಡಿಕೊಂಡು ಹೆಬ್ಬೆರಳು ಎತ್ತಿದರೆ, ನಾನು ಸಿದ್ಧ, ಬಿಡಿ ಎಂದು ಅರ್ಥ. ತಲೆ ಅಲ್ಲಾಡಿಸಿದರೆ, ಬೇಡ.

ಬಾರ್ ಕೈಗೆತ್ತಿಕೊಂಡೆ. ಕೆಂಪು ತುದಿ ಎಡಗೈಗೆ ಬರಬೇಕು. ಬಲಗೈಯಲ್ಲಿತ್ತು.

ನೋಡಿದೆ. ಗೊತ್ತಾಯಿತು. ಬಾರ್ ತಲೆಕೆಳಗಾಗಿದೆ, ಎಡಕ್ಕೆ ಎಳೆದರೆ ಪಟ ಬಲಕ್ಕೆ ಹೋಗುತ್ತದೆ. ಆದರೆ ಅವರು ಆಗಲೇ ಪಟ ಎತ್ತಿ ನಿಂತಿದ್ದರು. ಕಾಯುತ್ತಿದ್ದರು. ಮರಳ ಮೇಲೆ ಕೂತಿದ್ದ ಇನ್ನಿಬ್ಬರು ಕಲಿಯುವವರೂ ನನ್ನನ್ನೇ ನೋಡುತ್ತಿದ್ದರು. ಬೇಡ ಅಂದರೆ ಎಲ್ಲರೂ ಕಾಯಬೇಕು, ಅವರು ಅಷ್ಟು ದೂರ ನಡೆದು ಬರಬೇಕು, ಯಾಕೆ ಅಂತ ಕೇಳಬೇಕು, ನಾನು ಬಾಯಿ ಬಿಡಬೇಕು.

ಹೆಬ್ಬೆರಳು ಎತ್ತಿದೆ.

ಪಟ ಎದ್ದಿತು. ನಾನು ಸರಿಪಡಿಸಲು ಹೋದಷ್ಟೂ ಅದು ಉಲ್ಟಾ ತಿರುಗಿತು. ಆಕಾಶದಲ್ಲಿ ಒಂದು ಸುತ್ತು ಹಾಕಿ ನೆಲದ ಕಡೆ ನುಗ್ಗಿದಾಗ ಸೊಂಟವನ್ನು ಯಾರೋ ಹಿಡಿದು ಎಸೆದಂತಾಯಿತು. ಮುಖದ ಪಕ್ಕದಲ್ಲೇ ಮರಳು ಓಡುತ್ತಿತ್ತು. ಕಣ್ಣು ಮುಚ್ಚಿದ್ದೆ. ಕೈಗೆ ಮಾತ್ರ ದಾರಿ ಗೊತ್ತಿತ್ತು. ಕೆಂಪು ಹಿಡಿಯನ್ನು ತಳ್ಳಿತು.

ಪಟ ಒಣಗಿದ ಬಟ್ಟೆಯಂತೆ ಬಿದ್ದಿತ್ತು.

ಅವರು ಓಡಿ ಬಂದು ಮಂಡಿಯೂರಿದರು. "ಎಲ್ಲಿ ಪೆಟ್ಟಾಯ್ತು? ಕುತ್ತಿಗೆ? ಅಲ್ಲಾಡಬೇಡಿ."

"ಏನಿಲ್ಲ. ಮೊಣಕಾಲು ತರಚಿದೆ, ಅಷ್ಟೇ."

ಆಮೇಲೆ ಬಾರನ್ನು ನೋಡಿದರು. ಕೆಂಪು ತುದಿಯನ್ನು ನೋಡಿದರು.

"ನೋಡಿರಲಿಲ್ವಾ?"

ಇಲ್ಲ ಅನ್ನಬಹುದಿತ್ತು. ನೆಲ ನೋಡಿದೆ. ಅವರಿಗೆ ಅರ್ಥವಾಯಿತು.

"ನೋಡಿದ್ರಿ. ನೋಡೂ ಕೈ ಎತ್ತಿದ್ರಿ." ಸಿಟ್ಟಿರಲಿಲ್ಲ ಆ ದನಿಯಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು. "ಆ ದೂರದಿಂದ ನನಗೆ ನಿಮ್ಮ ಬೆರಳೊಂದೇ ಕಾಣೋದು. ಅದೂ ಸುಳ್ಳು ಹೇಳಿದ್ರೆ ನಾನು ಏನನ್ನ ನಂಬಲಿ? ಸರಿ ಇಲ್ದಿದ್ದಾಗ ಸರಿ ಇಲ್ಲ ಅನ್ನೋಕೆ ಬರೋವರೆಗೂ ನಾನು ನಿಮ್ಮ ಪಟ ಬಿಡಲ್ಲ."

"ಸರಿ," ಅಂದೆ.

"ಇನ್ನೇನಾದ್ರೂ ಇದೆಯಾ, ನನಗೆ ಗೊತ್ತಿಲ್ದಿರೋದು?"

ಇತ್ತು. ಹೇಳುವ ಬದಲು ಬೆರಳಿನಿಂದ ಒದ್ದೆ ಮರಳಿನ ಮೇಲೆ 58 ಎಂದು ಬರೆದೆ.

ಅವರು ನೋಡಿದರು. ಆಮೇಲೆ ಅಂಗೈಯಿಂದ ಅದನ್ನು ಮೆಲ್ಲಗೆ ಅಳಿಸಿದರು.

"ಈ ನಂಬರ್ ನನಗೆ ಪಟ ಆರಿಸೋಕೆ ಮಾತ್ರ ಬೇಕು," ಅಂದರು. "ಬೇರೆ ಯಾವುದಕ್ಕೂ ಬೇಡ."

ಆ ಸಂಜೆ ಡೈರಿಯಲ್ಲಿ ಬರೆಯಲು ಆ ಒಂದು ಸಾಲೇ ಸಾಕಾಯಿತು.

ಮುಂದಿನ ನಾಲ್ಕು ದಿನ ನಾನು ಬೇರೆಯವರ ಪಟ ನೋಡುವ ಕೆಲಸಕ್ಕೆ ನಿಂತೆ. ದಾರ ಸಿಕ್ಕಾಗಿದೆಯೇ, ಗಂಟಿದೆಯೇ, ಗಾಳಿ ಬೀಸುವ ದಿಕ್ಕಿನಲ್ಲಿ ಮುಂದೆ ಜನ, ಕಲ್ಲು, ಕಂಬ ಏನಾದರೂ ಇದೆಯೇ. ಇದ್ದರೆ "ನಿಲ್ಲಿ" ಎಂದು ಕೂಗಬೇಕು. ಮೊದಲ ದಿನ ನನ್ನ "ನಿಲ್ಲಿ" ಬಾಯಿಯ ಒಳಗೇ ನಿಂತಿತು. ಎರಡನೇ ದಿನ, ದಪ್ಪ ಮೀಸೆಯ ಬ್ಯಾಂಕ್ ಮ್ಯಾನೇಜರೊಬ್ಬರು ಜಾಕೆಟ್ಟಿಲ್ಲದೆ ನೀರಿಗೆ ಹೊರಟಾಗ ಎಲ್ಲಿಂದಲೋ ಹೊರಬಂತು.

"ನಿಲ್ಲಿ! ಜಾಕೆಟ್ ಎಲ್ಲಿ?"

ಅವರು ಬೆಚ್ಚಿ ನಿಂತರು. ನಾನೂ ಬೆಚ್ಚಿದೆ. ಶೆಡ್ಡಿನಲ್ಲಿ ಹೊಲಿಗೆ ಯಂತ್ರ ನಿಂತಿತು.

"ಲೋ," ಅತ್ತೆ ಅಂದರು, "ಈ ಹುಡುಗಿಗೆ ಬಾಯಿದೆ ಕಣೋ!"

"ನನಗೆ ಮೊದಲೇ ಗೊತ್ತಿತ್ತು," ಅಂದರು ಅವರು. ಹೇಳುವಾಗ ಆಕಾಶ ನೋಡಲಿಲ್ಲ.

ಒಂಬತ್ತನೇ ದಿನ ಒಂಬತ್ತರ ಪಟ ಇಳಿಸಿದರು. ಕೆಂಪು ಎಡಗೈಗೆ. ದಾರ ಮುಟ್ಟಿ ಮುಟ್ಟಿ ನೋಡಿದೆ. ಸಿದ್ಧ ಎಂದು ಬೆರಳೆತ್ತಿದೆ, ಅದು ನಿಜವಾಗಿತ್ತು. ಪಟ ತಲೆಯ ಮೇಲೆ ಬಂದು ನಿಂತಿತು.

ಅವರು ನಡೆದು ಬಂದು ನನ್ನ ಪಕ್ಕದಲ್ಲೇ ನೀರಿಗಿಳಿದರು. ಕಾಲಿಗೆ ಹಲಗೆಯಿಲ್ಲ. ಪಟ ಎಳೆದಲ್ಲಿಗೆ ನೀರಿನಲ್ಲಿ ಮೈಚೆಲ್ಲಿ ಹೋಗುವುದು, ನೀರಿನ ಮೊದಲ ಪಾಠ ಅದೇ.

"ಎರಡು ಬೆರಳು ಸಾಕು. ಗಟ್ಟಿ ಹಿಡೀಬೇಡಿ. ಹೆದರಿಕೆ ಆದ್ರೆ ಬಾರ್ ಬಿಟ್ಟುಬಿಡಿ. ಪಟ ತಾನಾಗೇ ಸುಮ್ಮನಾಗುತ್ತೆ."

ಎರಡು ಬೆರಳು ಮಿಸುಕಿಸಿದೆ.

ಅದನ್ನು ಹೇಗೆ ಬರೆಯಲಿ? ಮೊದಲು ದಾರಗಳು ಹಾಡಿದವು. ಸಣ್ಣಗೆ, ಯಾರೋ ಹಲ್ಲು ಕಚ್ಚಿ ಗುನುಗುವಂತೆ. ಆಮೇಲೆ ಎಳೆತ ಬಂತು, ಕೈಗಲ್ಲ, ನಡುವಿಗೆ, ಇಡೀ ಮೈಗೆ. ಆಕಾಶದಷ್ಟು ದೊಡ್ಡದೊಂದು ಬಗ್ಗಿ ನನ್ನನ್ನು ಎತ್ತಿಕೊಂಡಿತ್ತು. ನೀರು ಎದೆಯ ಎರಡೂ ಕಡೆ ಹರಿದು ಹೋಗುತ್ತಿತ್ತು, ದಡ ಹಿಂದೆ ಸರಿಯುತ್ತಿತ್ತು, ಸೂರ್ಯ ಪಟದ ಬಟ್ಟೆಯನ್ನು ತೂರಿ ನನ್ನ ಮುಖದ ಮೇಲೆ ಹಸಿರು ಚೆಲ್ಲುತ್ತಿದ್ದ. ನನಗಿಂತ ಸಾವಿರ ಪಾಲು ಬಲಶಾಲಿಯಾದದ್ದು ನನ್ನ ಎರಡು ಬೆರಳ ಮಾತು ಕೇಳುತ್ತಿತ್ತು. ಪಿಸುಮಾತಿಗಿಂತ ಮೆಲ್ಲಗಿನ ಮಾತನ್ನು. ಇಷ್ಟು ವರ್ಷ ಯಾರಿಗೂ ಕೇಳಿಸದವಳನ್ನು ಗಾಳಿ ಕೇಳಿಸಿಕೊಂಡಿತ್ತು.

ಅಳುತ್ತಿದ್ದೆನೋ ನಗುತ್ತಿದ್ದೆನೋ. ಪಕ್ಕಕ್ಕೆ ತಿರುಗಿದರೆ, ಅವರು ಪಟವನ್ನು ನೋಡುತ್ತಿರಲಿಲ್ಲ. ಪಾಠ ಹೇಳುವವರು ಪಟವನ್ನೇ ನೋಡಬೇಕು, ಅವರದೇ ರೂಲ್ಸು ಅದು.

"ಹೇಗಿದೆ?" ಅಂದರು ದಡಕ್ಕೆ ಬಂದ ಮೇಲೆ.

ಹೇಳಲು ಎಷ್ಟೊಂದಿತ್ತು. "ಚೆನ್ನಾಗಿದೆ," ಅಂದೆ.

ಅವರು ತಲೆಯಾಡಿಸಿ ದಾರ ಸುತ್ತತೊಡಗಿದರು. "ನಾಳೆ ಕೊನೇ ದಿನ. ಗಾಳಿಯ ಕಾಲ ಮುಗೀತು. ನಾಳೆ ಸಂಜೆ ಶೆಡ್ ಮುಚ್ಚಿ ನಾಡಿದ್ದು ನಾನು ಇನ್ನೊಂದು ಕಡಲಿಗೆ ಹೋಗ್ತೀನಿ, ಅಲ್ಲಿ ಈಗ ಶುರು. ಬರೋದು ಆರು ತಿಂಗಳಿಗೆ."

ಆರು ತಿಂಗಳು. ನನ್ನ ಡೈರಿಯಲ್ಲಿ ಅಷ್ಟು ಹಾಳೆಗಳಿರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಗಾಳಿ ಪಕ್ಕದಿಂದ ದಡದ ಕಡೆಗೆ ಹದವಾಗಿ ಬೀಸುತ್ತಿತ್ತು, ಬೇಡಿಕೊಂಡಿದ್ದಕ್ಕಿಂತ ಚೆನ್ನಾಗಿ. ಅತ್ತೆ ಕೊನೆಯ ಪಟಕ್ಕೆ ತೇಪೆ ಹಾಕುತ್ತಿದ್ದರು. ಬ್ಯಾಂಕ್ ಮ್ಯಾನೇಜರು ಜಾಕೆಟ್ಟು ಹಾಕಿಕೊಂಡು ಮರಳಿನ ಮೇಲೆ ಕೂತಿದ್ದರು, ನನ್ನ ಕಣ್ಣಿಗೆ ಬೀಳುವಂತೆ ಎದೆಯುಬ್ಬಿಸಿ.

"ಇವತ್ತು ಹಲಗೆ ಮೇಲೆ," ಅಂದರು ಅವರು. "ನಾನು ಏನೂ ಹೇಳಲ್ಲ. ಎಲ್ಲಾ ನೀವೇ ನೋಡ್ಕೊಳ್ಳಿ. ಎಲ್ಲಾ ಸರಿ ಅನ್ನಿಸಿದ ಮೇಲೆ ಮಾತ್ರ ಬೆರಳು."

ಪಟವನ್ನು ಎತ್ತಿಕೊಂಡು ನಡೆದರು. ಹೆಜ್ಜೆಯಿಂದ ಹೆಜ್ಜೆಗೆ ಚಿಕ್ಕವರಾಗುತ್ತಾ ದಾರದ ಆ ತುದಿಗೆ ಹೋಗಿ ನಿಂತರು.

ನೋಡಿಕೊಂಡೆ. ಕೆಂಪು ಎಡಗೈಯಲ್ಲಿ. ದಾರ ನಾಲ್ಕೂ ನೇರ. ಕೊಕ್ಕೆ ಸಿಕ್ಕಿದೆ, ಬಿಡುಗಡೆ ಹಿಡಿ ಕೈಗೆಟುಕುತ್ತದೆ. ಹೆಲ್ಮೆಟ್ಟು, ಜಾಕೆಟ್ಟು, ಮುಂದೆ ಖಾಲಿ ದಡ, ಖಾಲಿ ನೀರು.

ಕೈ ಎತ್ತಲು ಹೋದೆ. ಬರಲಿಲ್ಲ.

ಎಲ್ಲ ಸರಿ ಇತ್ತು, ಒಂದನ್ನು ಬಿಟ್ಟು. ಈಗ ಬೆರಳೆತ್ತಿದರೆ ಪಟ ಏಳುತ್ತದೆ, ಹಲಗೆ ಏರುತ್ತೇನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಸಂಜೆ ಶೆಡ್ಡಿಗೆ ಬೀಗ ಬೀಳುತ್ತದೆ. ಎಲ್ಲ ಸರಿ ಇದೆ ಎಂದು ಆ ಬೆರಳು ಇನ್ನೊಮ್ಮೆ ಸುಳ್ಳು ಹೇಳಿರುತ್ತದೆ, ಅದೂ ಅವರಿಗೇ.

ತಲೆ ಅಲ್ಲಾಡಿಸಿದೆ. ಬೇಡ.

ಅವರು ಪಟವನ್ನು ಇಳಿಸಲಿಲ್ಲ, ಹಿಡಿದೇ ಕೂಗಿದರು. "ಏನಾಯ್ತು?"

"ಬಾರ್ ಸರಿ ಇದೆ!"

"ಆಂ?"

"ಬಾರ್ ಸರಿ ಇದೆ! ದಾರ ಸರಿ ಇದೆ! ಗಾಳಿ ಸರಿ ಇದೆ!"

"ಮತ್ತೆ?"

ಹತ್ತಿರ ಹೋಗಿ ಮೆಲ್ಲಗೆ ಹೇಳೋಣವೆಂದರೆ ಪಟಕ್ಕೆ ಕಟ್ಟಿಕೊಂಡಿದ್ದೇನೆ, ಒಂದು ಹೆಜ್ಜೆ ಮುಂದಿಟ್ಟರೂ ದಾರ ಸಡಿಲವಾಗುತ್ತದೆ. ಬರೆದು ತೋರಿಸೋಣವೆಂದರೆ ಎರಡೂ ಕೈಯಲ್ಲಿ ಬಾರ್. ಇದಕ್ಕೊಂದು ಸನ್ನೆಯನ್ನು ಅವರು ಕಲಿಸಿಯೂ ಇರಲಿಲ್ಲ. ಬ್ಯಾಂಕ್ ಮ್ಯಾನೇಜರು ಎದ್ದು ನಿಂತಿದ್ದರು. ಅತ್ತೆ ಕನ್ನಡಕ ಹಣೆಗೇರಿಸಿ ಬಾಗಿಲಿಗೆ ಬಂದಿದ್ದರು. ಇಪ್ಪತ್ತೆರಡು ಮೀಟರ್ ಉದ್ದಕ್ಕೂ ಗಾಳಿ ಬಾಯಿ ತೆರೆದುಕೊಂಡು ಕಾದಿತ್ತು.

ಎದೆಯ ತುಂಬ ಉಸಿರು ಎಳೆದುಕೊಂಡೆ, ಹೊಟ್ಟೆಯ ತಳದವರೆಗೂ.

"ನಂಗೆ ನೀವಂದ್ರೆ ಇಷ್ಟ!"