ತುಲಿಯಾ ಕಟ್ಟಿದ ಗಂಟು

ಶವಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲೇ ತುಲಿಯಾ ಅಡ್ಡ ಬಂದು ನಿಂತಳು.

"ಎಲ್ಲಿ ಬೇಕಾದ್ರೂ ಕೊಯ್ಕೊಳ್ಳಿ ಡಾಕ್ಟ್ರೇ. ಕಾಲಿನ ದಾರ ಮಾತ್ರ ಮುಟ್ಟಬೇಡಿ."

ಡಾಕ್ಟರ್ ರೊಬ್ಲೆದೊ ಮೂಗಿನ ಕೆಳಗೆ ಕರ್ಪೂರದ ಮುಲಾಮು ಸವರಿಕೊಳ್ಳುತ್ತ ನಕ್ಕ. ರಾಜಧಾನಿ ಬೊಗೊತಾದಲ್ಲಿ ಓದಿದವನು, ಸರ್ಕಾರದ ಕಟ್ಟಳೆಯಂತೆ ಒಂದು ವರ್ಷದ ಹಳ್ಳಿಸೇವೆಗೆಂದು ನಮ್ಮ ಪುಯೆರ್ತೊ ಅಮಾರ್ಗೊಗೆ ಬಂದಿದ್ದ. ಹನ್ನೊಂದು ತಿಂಗಳಲ್ಲಿ ನಮ್ಮ ನದಿಯ ಸೆಕೆ, ಸೊಳ್ಳೆ ಎರಡಕ್ಕೂ ಒಗ್ಗಿಕೊಂಡಿದ್ದ. ನಮ್ಮ ನಂಬಿಕೆಗಳನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ.

ಪೆಟ್ಟಿಗೆಯಲ್ಲಿದ್ದವಳು ನಿದಿಯಾ, ದೋಣಿಕಟ್ಟೆಯಲ್ಲಿ ಹುರಿದ ಮೀನು ಮಾರುತ್ತಿದ್ದ ಹುಡುಗಿ. ಯಾರೋ ಕತ್ತು ಬಿಗಿದು ಕೊಂದು ಹನ್ನೆರಡು ದಿನವಾಗಿತ್ತು. ಅದೇ ವರ್ಷ ನದಿಯ ಮೇಲ್ಭಾಗದ ಮೂರು ಊರುಗಳಲ್ಲಿ ಮೂವರು ಹೆಂಗಸರು ಹೀಗೆಯೇ ಸತ್ತಿದ್ದರು. ಕೊಂದವನು ಮೂರೂ ಕಡೆ ಗಾಳಿಯಂತೆ ಮಾಯವಾಗಿದ್ದ. ಆದರೆ ಆ ಊರುಗಳಲ್ಲಿ ತುಲಿಯಾ ಇರಲಿಲ್ಲ. ನಮ್ಮೂರಲ್ಲಿ ಹೆಣ ತೊಳೆಯುವವಳು ಅವಳೇ. ಕೊಲೆಯಾದವರ ಕಾಲಿನ ಎರಡು ಹೆಬ್ಬೆರಳುಗಳನ್ನು ಕರಿದಾರದಿಂದ ಸೇರಿಸಿ ಕಟ್ಟಿ, ಗಂಟಿನ ಮೇಲೆ ಬಾಯಿಟ್ಟು ಏನೋ ಪಿಸುಗುಡುತ್ತಾಳೆ. ಆ ಗಂಟು ಇರುವವರೆಗೆ ಕೊಂದವನ ಕಾಲು ಊರ ಗಡಿ ದಾಟುವುದಿಲ್ಲ; ಮೊದಲೇ ದಾಟಿ ಹೋಗಿದ್ದರೂ ನೋವು ಅವನನ್ನು ಹಿಂದಕ್ಕೆ ಎಳೆಯುತ್ತದೆ.

ಹಾಗಾಗಿ ನಿದಿಯಾಳ ಒಂಬತ್ತು ದಿನದ ಪ್ರಾರ್ಥನೆ ನಡೆಯುತ್ತಿದ್ದಾಗಲೂ ಅರ್ಧ ಊರು ದೋಣಿಕಟ್ಟೆಯಲ್ಲಿ ಕಣ್ಣಿಟ್ಟು ಕೂತಿತ್ತು. ಯಾರು ಗಂಟುಮೂಟೆ ತಂದು, ಲಾಂಚು ಹತ್ತಲಾರದೆ ಹಿಂದಿರುಗುತ್ತಾರೆ ಎಂದು ನೋಡುವುದೇ ಕೆಲಸ. ಒಬ್ಬ ಹಿಂದಿರುಗಿದ್ದ, ಅದೂ ಎರಡು ಸಲ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಊರೂರು ಅಲೆಯುವ ಒರಾಸಿಯೊ. ಬಾಯಿ ಬಿಟ್ಟರೆ ತಮಾಷೆ, ಹೆಂಗಸರಿಗೆಲ್ಲ ಅಚ್ಚುಮೆಚ್ಚು. ಎರಡು ಸಲವೂ ಲಾಂಚು ಹತ್ತುವ ಹಲಗೆಯ ಮೇಲೆ ಕಾಲಿಟ್ಟವನೇ ಊದಿದ ಪಾದ ಹಿಡಿದುಕೊಂಡು ಕುಸಿದಿದ್ದ. ಊರು ಗುಸುಗುಸು ಶುರುಮಾಡಿತು. ಕಾಲು ನೋವಿಗೆಲ್ಲ ಬೇಡಿ ಹಾಕಲಾಗದು ಎಂದು ಪೊಲೀಸ್ ಸಾರ್ಜೆಂಟ್ ಕೈಚೆಲ್ಲಿದ. ಬೂಟು ಬಿಗಿಯಾಗಿದೆ, ಒಂದು ಅಳತೆ ದೊಡ್ಡದು ಕೊಂಡುಕೋ ಎಂದು ಡಾಕ್ಟರ್ ಸಲಹೆ ಕೊಟ್ಟು ಕಳಿಸಿದ.

ಅಷ್ಟರಲ್ಲಿ ನಿದಿಯಾಳ ಕತ್ತಿನ ಗುರುತನ್ನು ಮತ್ತೆ ಪರೀಕ್ಷಿಸಿ ಕಳಿಸುವಂತೆ ಜಿಲ್ಲೆಯಿಂದ ಆದೇಶ ಬಂತು. ಶವಪೆಟ್ಟಿಗೆ ಇಟ್ಟು ಸಿಮೆಂಟು ಬಳಿಯುವ ಸ್ಮಶಾನದ ಗೋಡೆಗೂಡನ್ನು ಒಡೆದು ಪೆಟ್ಟಿಗೆ ಇಳಿಸಿದರು. ಮುಚ್ಚಳ ಸರಿದದ್ದೇ ತಡ, ಕೊಳೆತ ಲಿಲ್ಲಿ ಹೂವಿನ ನಾತ, ಅದರಡಿಯಿಂದ ಇನ್ನೊಂದು ನಾತ. ನೊಣಗಳ ಮೊರೆತ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕತ್ತಿನ ಸುತ್ತ ತೆಳು ಕಪ್ಪು ಪಟ್ಟೆ. ಒಂದು ಕಡೆ ಲೋಹದ ಕೊಂಡಿ ಒತ್ತಿದಂಥ ಸಣ್ಣ ಗಾಯ. ಅದನ್ನೆಲ್ಲ ಬರೆದುಕೊಂಡ ಮೇಲೆ ಡಾಕ್ಟರ ಕೆಲಸ ಮುಗಿದಿತ್ತು.

ಕತ್ತು ನೋಡಲು ಬಂದವನಿಗೆ ಕಾಲಿನ ಗೊಡವೆ ಬೇಕಿರಲಿಲ್ಲ. ಆದರೆ ಸುತ್ತ ನಿಂತವರ ಕಣ್ಣುಗಳೆಲ್ಲ ಆ ದಾರದ ಮೇಲೇ ಇದ್ದವು. ಅವನಿಗೆ ರೇಗಿತು. ಕತ್ತರಿ ತೆಗೆದು ಚಕ್ಕನೆ ಕತ್ತರಿಸಿ, ತುಂಡುಗಳನ್ನು ಎತ್ತಿ ತೋರಿಸಿದ. "ನೋಡಿ. ಮೂರು ಕಾಸಿನ ದಾರ."

ತುಲಿಯಾ ಹೊರಟುಹೋದಳು.

ಆ ಮಧ್ಯಾಹ್ನ ಒರಾಸಿಯೊ ಶಿಳ್ಳೆ ಹಾಕುತ್ತ ದೋಣಿಕಟ್ಟೆಗೆ ಬಂದು ಲಾಂಚು ಹತ್ತಿದ. ಊತ ಇಳಿದಿತ್ತು. ಅದೇ ಲಾಂಚಿನಲ್ಲಿ ಡಾಕ್ಟರ್ ತನ್ನ ವರದಿಯನ್ನು ನರ್ಸ್ ಯಾಮಿಲೆಯ ಕೈಯಲ್ಲಿ ಜಿಲ್ಲೆಗೆ ಕಳಿಸುವವನಿದ್ದ. ಯಾಮಿಲೆ ತುಲಿಯಾಳ ಒಬ್ಬಳೇ ಮಗಳು, ಇಪ್ಪತ್ತೆರಡು ವರ್ಷದವಳು. ಅವಳು ಆಸ್ಪತ್ರೆಯ ಬಾಗಿಲಲ್ಲೇ ನಿಂತಳು.

"ಅವನೂ ಹತ್ತಿದಾನೆ ಡಾಕ್ಟ್ರೇ. ನಾಳೆ ಹೋಗ್ಲಾ?"

"ಕಾಲು ಊದಿಕೊಂಡವರೆಲ್ಲ ಕೊಲೆಗಾರರಾದ್ರೆ ನಮಗೆ ಪೊಲೀಸರೇ ಬೇಡ. ನೀನೂ ನಿಮ್ಮಮ್ಮನ ಥರಾ ಆಡಬೇಡ, ಹೊರಡು."

ಅವಳು ಹೊರಟಳು. ಹೋಗುವಾಗ ಒಮ್ಮೆ ತಿರುಗಿ ನೋಡಿದ್ದು ಇಂದಿಗೂ ಡಾಕ್ಟರ ಕಣ್ಣಿಗೆ ಕಟ್ಟಿದಂತಿದೆ.

ಮರುದಿನ ಬೆಳಿಗ್ಗೆ ಅದೇ ಲಾಂಚು ಅವಳನ್ನು ಬಾಳೆಲೆ ಹೊದಿಸಿ ಹೊತ್ತು ತಂದಿತು. ಕೆಳದಂಡೆಯ ಜೊಂಡಿನಲ್ಲಿ ಸಿಕ್ಕಿದ್ದಳಂತೆ. ಕತ್ತಿನಲ್ಲಿ ಅದೇ ಪಟ್ಟೆ, ಅದೇ ಕೊಂಡಿಯ ಗಾಯ. ಡಾಕ್ಟರ್ ಎಲೆ ಸರಿಸಿದ. ಮತ್ತೆ ಮುಚ್ಚಿದ. ನಾನೇ ಕಳಿಸಿದೆ, ನಾನೇ ಕಳಿಸಿದೆ ಎಂಬ ಒಂದೇ ಮಾತು ತಲೆಯೊಳಗೆ ಗಿರ್ರನೆ ಸುತ್ತುತ್ತಿತ್ತು. ತುಲಿಯಾ ಅಳಲಿಲ್ಲ. ಬಿಸಿನೀರು ತರಿಸಿಕೊಂಡು, ಎಲ್ಲರನ್ನೂ ಆಚೆ ಕಳಿಸಿ, ಬಾಗಿಲು ಹಾಕಿಕೊಂಡು ಮಗಳನ್ನು ತೊಳೆದಳು. ಬಾಗಿಲ ಹೊರಗೆ ನಿಂತ ಡಾಕ್ಟರಿಗೆ ನೀರು ಸುರಿಯುವ ಸದ್ದು ಕೇಳಿತು. ಆಮೇಲೆ ಪಿಸುಮಾತು. ಅದು ತುಂಬ ಹೊತ್ತು ನಡೆದೇ ಇತ್ತು.

ಯಾಮಿಲೆಯನ್ನು ಗೂಡಿನಲ್ಲಿಟ್ಟ ನಾಲ್ಕನೆಯ ದಿನ ಒರಾಸಿಯೊ ತಾನಾಗಿಯೇ ವಾಪಸ್ ಬಂದ. ನದಿದಂಡೆಗುಂಟ ನಡೆದು, ಕೊನೆಗೆ ತೆವಳಿ, ದೋಣಿಕಟ್ಟೆಯಲ್ಲಿ ಬಿದ್ದುಕೊಂಡ. ಪಾದಗಳು ಊದಿ ಕುಂಬಳಕಾಯಿಯಾಗಿದ್ದವು. ಅವನ ಸಲಕರಣೆ ಪೆಟ್ಟಿಗೆಯಲ್ಲಿ ಹೊಲಿಗೆ ಯಂತ್ರದ ಚಕ್ರಕ್ಕೆ ಹಾಕುವ ಚರ್ಮದ ಬೆಲ್ಟು ಸಿಕ್ಕಿತು, ಕೊಂಡಿಯ ಸಮೇತ. ಐದು ಕೊಲೆಗಳನ್ನೂ ಒಪ್ಪಿಕೊಂಡ. ಜಿಲ್ಲೆಯ ಜೈಲಿಗೆ ಸಾಗಿಸಲು ಎರಡು ಸಲ ನೋಡಿದರು, ಲಾಂಚು ಹತ್ತಿಸಿದೊಡನೆ ಪ್ರಾಣ ಹೋಗುವಂತೆ ಅರಚಿ ಪ್ರಜ್ಞೆ ತಪ್ಪುತ್ತಿದ್ದ. ಕೊನೆಗೆ ಸ್ಮಶಾನದ ಎದುರಿನ ನಮ್ಮ ಠಾಣೆಯ ಕೋಣೆಯಲ್ಲೇ ಕೂಡಿಹಾಕಿದರು.

ಡಾಕ್ಟರ ಸೇವಾವಧಿ ಮುಗಿಯಿತು. ಅವನಿಗೆ ಬೇಕಾಗಿದ್ದುದು ಇಷ್ಟೇ: ಇಲ್ಲಿಂದ ಹೋಗುವುದು, ತಾಯಿಯ ಮನೆಯ ಕಿಟಕಿ ಮುಚ್ಚಿ ಮಲಗುವುದು. ಅವನ ಬಟ್ಟೆಯ ಪೆಟ್ಟಿಗೆ ಲಾಂಚಿಗೇರಿತು. ಅವನು ಹಲಗೆಯ ಮೇಲೆ ಕಾಲಿಟ್ಟ.

ನೋವು. ಬೆರಳ ಬುಡದಿಂದ. ಹೆಜ್ಜೆ ಹಿಂದಿಟ್ಟ. ನೋವಿಲ್ಲ. ಮತ್ತೆ ಇಟ್ಟ. ಮೂಳೆಯನ್ನೇ ಯಾರೋ ಬಿಗಿಯುತ್ತಿದ್ದರು. ಕಟ್ಟೆಯ ತುಂಬ ಜನ. ಎಲ್ಲರೂ ನೋಡುತ್ತಿದ್ದರು. ಬೂಟು ಕಿತ್ತೆಸೆದ. ಎರಡೂ ಹೆಬ್ಬೆರಳ ಸುತ್ತ ಕಪ್ಪು ಗೆರೆ. ದಾರದಷ್ಟೇ ಸಣ್ಣದು. ಉಜ್ಜಿದ. ಹೋಗಲಿಲ್ಲ.

ಬರಿಗಾಲಲ್ಲೇ ತುಲಿಯಾಳ ಮನೆಗೆ ಓಡಿದ. ಅವಳು ಅಡುಗೆಮನೆಯಲ್ಲಿ ಬಾಳೆಕಾಯಿ ಸುಲಿಯುತ್ತಿದ್ದಳು. ಕೊಂದವನು ಸಿಕ್ಕಿಬಿದ್ದನಲ್ಲ ಅಮ್ಮ, ನನ್ನನ್ಯಾಕೆ ಹಿಡಿದಿಟ್ಟಿದ್ದೀರಿ ಎಂದು ಕೇಳಿದ.

"ಯಾಮಿಲೆ ಕಾಲಿಗೆ ಎರಡು ದಾರ ಹಾಕಿದೀನಿ ಡಾಕ್ಟ್ರೇ," ಎಂದಳು ತಲೆಯೆತ್ತದೆ. "ಒಂದು ಕೊಂದವನ ಹೆಸರಲ್ಲಿ. ಇನ್ನೊಂದು ಕಳಿಸಿದವರ ಹೆಸರಲ್ಲಿ."

ಅವನು ನೆಲದ ಮೇಲೆ ಕುಳಿತುಬಿಟ್ಟ. ನಾನೇ ಕಳಿಸಿದೆ ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ ಲೆಕ್ಕವಿರಲಿಲ್ಲ.

"ಎರಡೂ ಸೇರಿಸಿ ಹೆಣೆದು ಒಂದೇ ಗಂಟು ಹಾಕಿದೀನಿ," ಎಂದಳು ತುಲಿಯಾ. "ಗೂಡು ಯಾವ್ದು ಅಂತ ನಿಮಗೆ ಗೊತ್ತು. ಕತ್ತರಿಸೋದೂ ಗೊತ್ತು. ಕತ್ತರಿಸಿದ್ರೆ ನಿಮ್ಮ ಜೊತೆಗೆ ಅವನ ಕಾಲೂ ಬಿಡುತ್ತೆ. ನಾನು ತಡೆಯಲ್ಲ."

ನದಿಯ ಕಡೆಯಿಂದ ಲಾಂಚಿನ ಶಿಳ್ಳೆ ಕೇಳಿಸಿತು. ಅವನು ಎದ್ದು ಸ್ಮಶಾನಕ್ಕೆ ಹೋದ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಯಾಮಿಲೆಯ ಗೂಡಿಗೆ ಬಳಿದ ಸಿಮೆಂಟು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಉಗುರು ತೂರಿಸಿ ಕಿತ್ತರೆ ಬರುವಷ್ಟು. ಅವನು ಬಿರುಕಿನೊಳಗೆ ಬೆರಳಿಟ್ಟ. ಎದುರಿನ ಠಾಣೆಯ ಕಿಟಕಿಯ ಸರಳುಗಳ ನಡುವೆ ಒಂದು ಮುಖ ಬಂದು ನಿಂತಿತು.

"ಕೀಳಿ ಡಾಕ್ಟ್ರೇ," ಎಂದ ಒರಾಸಿಯೊ, ಹಳೇ ಸ್ನೇಹಿತನಂತೆ ಮೆಲ್ಲಗೆ. "ಇಬ್ಬರೂ ಮನೆಗೆ ಹೋಗೋಣ."

ಡಾಕ್ಟರ್ ಬಿರುಕಿನಿಂದ ಬೆರಳು ತೆಗೆದ. ಆಮೇಲೆ ಗೋರಿ ಕಟ್ಟುವವನ ಗುಡಿಸಲಿನಿಂದ ಕರಣೆ, ಸಿಮೆಂಟು ಕೇಳಿ ತಂದ. ಸಿಮೆಂಟು ಕಲಸಿ, ಅಳುತ್ತಲೇ ಬಿರುಕು ಮುಚ್ಚಿದ. ಅದು ಒಣಗುವವರೆಗೂ ಅಲ್ಲೇ ಕಾದು, ಮೇಲೆ ಇನ್ನೊಂದು ಪದರ ಬಳಿದ.