ಗೇಟಿನ ಹೊರಗೆ ಎತ್ತಿದ ಹಾಡು

1983ರ ಮೇ 17, ಮಂಗಳವಾರ, ಸಂಜೆ ನಾಲ್ಕೂವರೆ. ಡರ್ಬನ್ ಹೊರವಲಯದ ಕ್ಲೆರ್ಮಾಂಟಿನ ಚರ್ಚ್ ಹಾಲಿನಲ್ಲಿ, ಮುಷ್ಕರ ಹೂಡಿದ್ದ ಗಿರಣಿ ಕಾರ್ಮಿಕರ ಎದುರು ಬೆಕಾನಿ ಗುಮೆಡೆ ತನ್ನ ಜೀವನದ ಅತ್ಯುತ್ತಮ ಭಾಷಣ ಮಾಡುತ್ತಿದ್ದ.

"ಕೆಲಸದಿಂದ ತೆಗೆದ ಹೆಂಗಸರನ್ನ ವಾಪಸ್ ತಗೊಳ್ಳೋವರೆಗೂ ಮಗ್ಗ ಮುಟ್ಟಲ್ಲ! ನಾಳೆ ಸಮಿತಿ ಸೇರೋದು ನಮ್ಮ..."

"ಗೇಟಿನ ಹೊರಗೆ ಯಾರು?" ಎಡಬದಿಯಿಂದ ಒಂದು ಕಂಠ ಹಾಡು ಎತ್ತಿತು.

"ನಾವಿದ್ದೇವೆ!" ಇಡೀ ಹಾಲು ಕಾಲು ಕುಣಿಸಿ ಉತ್ತರಿಸಿತು.

ಸಭೆಯಲ್ಲಿ ಯಾರಾದರೂ ಹಾಡು ಎತ್ತಿದರೆ ಮಾತಾಡುವವನು ಕೆಳಗಿಳಿಯಬೇಕು, ಅದು ಅಲ್ಲಿನ ರೂಢಿ. ಬೆಕಾನಿ ಇಳಿದ. ಎತ್ತಿದವಳು ಜಬುಲಿಲೆ. ಕೆಲಸ ಕಳೆದುಕೊಂಡವರಲ್ಲಿ ಅವಳೂ ಒಬ್ಬಳು. ಮುಷ್ಕರ ಸೋತರೆ ಉತ್ತರದ ತನ್ನ ಹಳ್ಳಿಗೆ ಹೊರಟುಹೋಗುವವಳು. ಅವಳಿಗಾಗಿಯೇ ಅರ್ಧ ಭಾಷಣ ಬರೆದಿದ್ದ ಬೆಕಾನಿಗೆ ಮುಖ ಸುಟ್ಟಂತಾಯಿತು.

ಮೂರು ದಿನ ಅವನು ಅವಳತ್ತ ನೋಡಲಿಲ್ಲ. ನೋಡುತ್ತಿಲ್ಲ ಎಂಬುದು ಅವಳಿಗೆ ಕಾಣುವಂತೆ ಎಚ್ಚರ ವಹಿಸಿದ.

ಶುಕ್ರವಾರ ಬೆಳಿಗ್ಗೆ ಮುಷ್ಕರದವರೆಲ್ಲ ಸೇರಿದ್ದ ಗಿರಣಿಯ ಗೇಟಿನ ಮುಂದೆ, ಮಗ್ವಿನ್ಯಾ ಎಂಬ ಬಿಸಿ ಹಿಟ್ಟಿನುಂಡೆ ಕರಿಯುವ ಬಂಡಿಯ ಪಕ್ಕದಲ್ಲಿ, ಅವಳೇ ಎದುರು ಬಂದು ನಿಂತಳು. ಬಾಯಿ ತೆರೆದರೆ ಬರೀ ಗಾಳಿ. ಮೂರು ದಿನ ಹಾಡಿ ಹಾಡಿ ಗಂಟಲು ಕಟ್ಟಿತ್ತು. ಅವನು ಕಿವಿ ಬಗ್ಗಿಸಲೇಬೇಕಾಯಿತು.

"ಗುಮೆಡೆ ಅವರಿಗೆ ಇನ್ನೂ ಕೋಪಾನಾ?"

"ನನ್ನ ಭಾಷಣ ಅಷ್ಟು ಬೋರಾ?"

"ಬೋರೇ. ಆದ್ರೆ ಹಾಡಿದ್ದು ಅದಕ್ಕಲ್ಲ." ಉಸಿರು ಅವನ ಕೆನ್ನೆಗೆ ತಾಗಿತು. "ಬಾಗಿಲ ಹತ್ರ ಪಾಲಿಶ್ ಬೂಟಿನವನೊಬ್ಬ ನಿಂತಿದ್ದ. ಪೊಲೀಸರ ಕಡೆಯವನು. ಸಮಿತಿ ಯಾರ ಮನೇಲಿ ಸೇರುತ್ತೆ ಅಂತಲೇ ನೀನು ಹೇಳೋಕೆ ಹೊರಟಿದ್ದೆ, ಪೆದ್ದ."

ಆಗಲೇ ಪೊಲೀಸರ ಧ್ವನಿವರ್ಧಕ ಗುಡುಗಿತು: ಐದು ನಿಮಿಷದಲ್ಲಿ ಎಲ್ಲರೂ ಚದುರಬೇಕು. ಒಳಗೆ ಮ್ಯಾನೇಜರ್ ಜೊತೆ ಸಮಿತಿಯ ಹಿರಿಯರ ಮಾತುಕತೆ ನಡೆದಿತ್ತು. ಮ್ಯಾನೇಜರ್ ಕಿಟಕಿಯಿಂದ ನೋಡಿದಾಗ ಹೊರಗೆ ಜನ ಕಾಣದಿದ್ದರೆ ಕಥೆ ಮುಗಿದಂತೆ. ಹಿಂದಿನ ಸಾಲು ಆಗಲೇ ಬಸ್ ನಿಲ್ದಾಣದತ್ತ ತಿರುಗಿತ್ತು.

"ಹಾಡು ಎತ್ರೋ ಯಾರಾದ್ರೂ!" ಎಂದಳು ಬಂಡಿಯ ಮಾ ಜೊಂಡಿ.

ಜಬುಲಿಲೆ ಅವನ ತೋಳು ಹಿಡಿದಳು. "ನೀನು."

"ನಾನಾ? ಚರ್ಚ್‌ನಲ್ಲಿ ಪಾದ್ರಿನೇ ನಂಗೆ ಹಾಡ್ಬೇಡ, ಸುಮ್ನಿರು ಅಂದಿದ್ದಾರೆ."

"ಗೊತ್ತು. ನಿನ್ನ ಹಿಂದಿನ ಬೆಂಚಲ್ಲೇ ಕೂತಿದ್ದೆ."

ಎತ್ತಿದ ಹಾಡಿಗೆ ಯಾರೂ ಉತ್ತರ ಕೊಡದಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಅಲ್ಲಿಲ್ಲ. ಬೆಕಾನಿ ಕಣ್ಣು ಮುಚ್ಚಿದ. "ಗೇಟಿನ ಹೊರಗೆ ಯಾರು?"

ಸ್ವರ ಎಲ್ಲೋ ಶುರುವಾಗಿ ಎಲ್ಲೋ ಬಿತ್ತು. ಯಾರೋ ಕಿಸಕ್ಕೆಂದರು. ಆಮೇಲೆ ಮೌನ.

"ನಾವಿದ್ದೇವೆ."

ಒಡೆದ ಕೊಳಲಿನಂಥ ಸದ್ದು. ಜಬುಲಿಲೆ, ಕುತ್ತಿಗೆಯ ನರ ಉಬ್ಬಿಸಿ, ಉಳಿದಿದ್ದ ಕಂಠವನ್ನೆಲ್ಲ ಅದಕ್ಕೇ ಸುರಿದಿದ್ದಳು. ಅವನು ಕಣ್ಣು ತೆರೆದಾಗ ಅವಳು ಅವನನ್ನೇ ನೋಡುತ್ತಿದ್ದಳು. ಮಾ ಜೊಂಡಿ ಸೌಟು ಎತ್ತಿ ದನಿಗೂಡಿಸಿದಳು. ಬಸ್ಸಿನತ್ತ ತಿರುಗಿದ್ದ ಸಾಲು ನಿಂತಿತು, ಮರಳಿ ಬಂತು. ನೆಲ ಅದುರತೊಡಗಿತು. ಪೊಲೀಸರ ಐದು ನಿಮಿಷ ಕಳೆದುಹೋಯಿತು. ಅಷ್ಟು ಜನರ ಮೇಲೆ ನುಗ್ಗಲು ಅವರು ಹಿಂಜರಿದರು.

ಮಧ್ಯಾಹ್ನ ಗೇಟು ತೆರೆಯಿತು. ಹೆಂಗಸರೆಲ್ಲರಿಗೂ ಸೋಮವಾರದಿಂದ ಕೆಲಸ.

"ಊರಿಗೆ ಹೋಗಲ್ವಲ್ಲ?" ಎಂದ ಬೆಕಾನಿ.

"ಹೋಗ್ತೀನಿ, ಕ್ರಿಸ್‌ಮಸ್‌ಗೆ," ಎಂದು ಪಿಸುಗುಟ್ಟಿದಳು. "ನಿನ್ನ ಸೋದರಮಾವಂದಿರನ್ನ ಅಲ್ಲಿಗೆ ಕಳ್ಸು, ನಮ್ಮಪ್ಪನ ಹತ್ರ ಮದುವೆ ಮಾತಾಡಲಿ. ನೀನು ಮಾತಾಡ್ಬೇಡ. ಹಾಡ್ಲೂಬೇಡ."

ಅವಳು ಹೇಳುವ ಪ್ರತಿ ಮಾತಿಗೂ ಅವನು ನಿಂತು ಕಿವಿ ಬಗ್ಗಿಸಬೇಕಿತ್ತು. ಹೇಳುವುದು ಅವಳಿಗೆ ಬಹಳವಿತ್ತು. ಗೇಟಿನಿಂದ ಬಸ್ ನಿಲ್ದಾಣಕ್ಕೆ ಆರುನೂರು ಮೀಟರ್. ಅಂದು ಅವರಿಗೆ ಐವತ್ತು ನಿಮಿಷ ಹಿಡಿಯಿತು.